ಹದಿನಾಲ್ಕನೇ ಕಲಮು

ಬನ್ನಂಜೆಯ ಪೊಲೀಸ್ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಜಿತೇಂದ್ರ ಮೂರನೆಯ ಸಲ ಅಂಗೈಗೆ ಉಸಿರು ಬಿಟ್ಟು ಮೂಸಿ ನೋಡಿಕೊಂಡ. ಬೆಳಿಗ್ಗೆ ತಿಂದ ನೀರುದೋಸೆ, ಎಷ್ಟು ಸಾಬೂನು ತಿಕ್ಕಿದರೂ ಬಿಡದ ಡೀಸೆಲು, ಅಷ್ಟೇ. ಬೇರೆ ವಾಸನೆ ಇರಲು ಸಾಧ್ಯವೂ ಇರಲಿಲ್ಲ, ಕುಡಿತ ಬಿಟ್ಟು ಒಂಬತ್ತು ವರ್ಷ ಆಗಿತ್ತು. ಆದರೆ ಈ ಒಂಬತ್ತು ವರ್ಷಗಳಲ್ಲಿ ಅವನು ಒಬ್ಬರ ಹತ್ತಿರವೂ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದಿಲ್ಲ. ಎದುರಿನವರು ಒಂದು ಹೆಜ್ಜೆ ಹತ್ತಿರ ಬಂದರೆ ಸಾಕು, ಕುತ್ತಿಗೆ ತಾನಾಗಿ ಎಡಕ್ಕೆ ಹೊರಳುತ್ತಿತ್ತು, ಮಾತು ಗೋಡೆಗೋ ಕಿಟಕಿಗೋ ಹೋಗುತ್ತಿತ್ತು. ಅಂಗಡಿಯವರು ಇವನನ್ನು ಸೊಕ್ಕಿನವನೆಂದು ತಿಳಿದಿದ್ದರು, ಮಗಳ ಶಾಲೆಯ ಟೀಚರು ಪಾಪ, ನಾಚಿಕೆಯ ಮನುಷ್ಯ ಎಂದುಕೊಂಡಿದ್ದರು. ಕುಡಿಯುವುದು ಹೋಯಿತು, ಕುಡಿದದ್ದನ್ನು ಮುಚ್ಚಿಡುವ ಅಭ್ಯಾಸ ಮಾತ್ರ ಮೈಯಲ್ಲೇ ಉಳಿದುಕೊಂಡಿತು. ಹಾಳು ಕುತ್ತಿಗೆ! ಇವತ್ತೊಂದು ದಿನ ನೆಟ್ಟಗೆ ನಿಲ್ಲು ಎಂದು ಅವನು ಅದನ್ನು ಕೈಯಿಂದ ತಿಕ್ಕಿಕೊಂಡ. ಒಳಗಿನಿಂದ ಅವನ ಹೆಸರು ಕರೆದರು.

ಕರೆದವರು ಎಎಸ್‌ಐ ಎಸ್ತರ್. ಕಾರ್ಕಳದ ಕಡೆಯವರು, ನಿವೃತ್ತಿಗೆ ಹತ್ತಿರವಾದವರು, ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಮೇಜಿನ ಮೇಲೆ ಇವನ ಫೈಲು ಇತ್ತು. ಉತ್ತರಕ್ಕೆ, ಕಾರವಾರದ ಕಡೆ, ನೌಕಾಪಡೆಯ ಗಸ್ತು ದೋಣಿಗಳ ಎಂಜಿನು ನೋಡಿಕೊಳ್ಳುವ ಒಂದು ಕಂಪನಿಯವರು ಇವನನ್ನು ಫಿಟ್ಟರಾಗಿ ಆರಿಸಿದ್ದರು. ಎಂಜಿನಿನ ಮೇಲೆ ಕಿವಿಯಿಟ್ಟು ಎಲ್ಲಿ ಏನಾಗಿದೆಯೆಂದು ಹೇಳಬಲ್ಲವನು ಈ ಕರಾವಳಿಯಲ್ಲಿ ಇನ್ನೊಬ್ಬನಿಲ್ಲ ಎಂದು ಅಲ್ಲಿನ ಎಂಜಿನಿಯರೇ ಹೇಳಿದ್ದ. ಆದರೆ ಆ ಬಂದರಿನ ಗೇಟು ದಾಟಬೇಕಾದರೆ ಕ್ಲಿಯರೆನ್ಸ್ ಆಗಬೇಕು. ಇವನು ಎಂಥವನು, ನಂಬಬಹುದೇ ಎಂದು ಪೊಲೀಸರು ವಿಚಾರಿಸಿ ಬರೆಯಬೇಕು. ಆಮೇಲೆ ಫೋಟೋ ಇರುವ ಕಾರ್ಡು ಕೊಡುತ್ತಾರೆ, ಕೊರಳಿಗೆ ಹಾಕಿಕೊಳ್ಳುವುದು. ಸಂಬಳದ ಆಸೆಗಿಂತ ಆ ಕಾರ್ಡಿನ ಆಸೆ ಅವನಿಗೆ ಹೆಚ್ಚಾಗಿತ್ತು. ಈ ಮನುಷ್ಯನನ್ನು ನಂಬಬಹುದು ಎಂದು ಯಾರೋ ಒಬ್ಬರು ಬರೆದು, ಸೀಲು ಹೊಡೆದು ಕೊಡಬೇಕು ಅವನಿಗೆ. ನಲವತ್ತೊಂದನೆಯ ವಯಸ್ಸಿನಲ್ಲಿ ಇಂಥ ಆಸೆ ಹೇಳಿಕೊಂಡರೆ ಜನ ನಗುತ್ತಾರೆಂದು ಹೆಂಡತಿಗೂ ಹೇಳಿರಲಿಲ್ಲ.

"ಜಿತೇಂದ್ರ ಅವರೇ, ಇಲ್ಲಿ ನೋಡಿ. ಆ ಗೋಡೆಯಲ್ಲಿ ಎಂತ ಉಂಟು?"

ಅವನು ಬೆಚ್ಚಿ ಕುತ್ತಿಗೆ ತಿರುಗಿಸಿದ. ಎಸ್ತರ್ ಫೈಲಿನ ಹಾಳೆಯೊಂದರ ಮೇಲೆ ಬೆರಳಿಟ್ಟಿದ್ದರು.

"ಹದಿಮೂರನೇ ಕಲಮಿನಲ್ಲಿ ನೀವೇ ಬರೆದಿದ್ದೀರಿ. ಕುಡಿತದ ಚಟ ಇತ್ತು, ಎರಡು ಸಾವಿರದ ಹದಿನಾರರಲ್ಲಿ ಕಾರ್ಕಳದಲ್ಲಿ ಹತ್ತು ದಿನದ ಶಿಬಿರ, ಆಮೇಲೆ ಮುಟ್ಟಲಿಲ್ಲ ಅಂತ. ಹೌದಾ?"

"ಹೌದು ಮೇಡಂ."

"ಮೊನ್ನೆ ನಾನು ಕಾಪುವಿಗೆ ಬಂದಿದ್ದೆ. ನಿಮ್ಮ ಹತ್ತಿರದ ಮನೆಯ ಬೂಬ ಅಂತ, ಪ್ರಾಯ ಆದವರು, ಆ ಹುಡುಗ ಸೋಡಾ ಸಹ ಕುಡಿಯುವುದಿಲ್ಲ ಅಂದ್ರು. ನಿಮ್ಮ ಹೆಂಡತಿ, ನಮ್ಮ ಮನೆಗೆ ಅದು ಬಂದದ್ದೇ ಇಲ್ಲ ಅಂದ್ರು. ನಿಮ್ಮ ಅಣ್ಣ ಶೀನ ದೇವರ ಮೇಲೆ ಆಣೆ ಹಾಕಲಿಕ್ಕೇ ಹೊರಟಿದ್ರು, ನಾನೇ ಬೇಡ ಅಂದೆ. ಈಗ ಹೇಳಿ ಮಾರಾಯ್ರೇ, ನಿಮ್ಮನ್ನು ನಂಬಬೇಕಾ, ಇಡೀ ಊರನ್ನು ನಂಬಬೇಕಾ?"

ಅವನಿಗೆ ಸಿಟ್ಟು ಬರಲಿಲ್ಲ, ನಗುವೂ ಬರಲಿಲ್ಲ. ಯಾರನ್ನೆಂದು ಬೈಯುವುದು? ದುಬೈಗೋ ಮಸ್ಕತಿಗೋ ಒಬ್ಬನನ್ನಾದರೂ ಕಳಿಸದ ಮನೆ ಆ ಕೇರಿಯಲ್ಲಿ ಇರಲಿಲ್ಲ. ಪಾಸ್‌ಪೋರ್ಟಿನ ವಿಚಾರಣೆಗೆಂದು ಪೊಲೀಸರು ಬಂದರೆ ಏನು ಹೇಳಬೇಕೆಂಬುದು ಮುದುಕರಿಗೂ ಮಕ್ಕಳಿಗೂ ಬಾಯಿಪಾಠ. ಒಳ್ಳೆಯವರು, ಗಲಾಟೆ ಇಲ್ಲ, ಕುಡಿಯುವುದಿಲ್ಲ, ನಮಗೆ ಹುಟ್ಟಿದಾಗಿನಿಂದ ಗೊತ್ತುಂಟು. ಹೇಳಿ, ರುಜು ಹಾಕಿ, ಬಂದವರಿಗೆ ಒಂದು ಎಳನೀರು ಕೆತ್ತಿಕೊಟ್ಟು ಕಳಿಸುವುದು. ಎಸ್ತರ್ ಮೇಡಂ ಫೈಲು ಹಿಡಿದುಕೊಂಡು ಸ್ಕೂಟರಿನಿಂದ ಇಳಿದ ಕೂಡಲೇ ಕೇರಿಗೆ ಕೇರಿಯೇ ಹಳೆಯ ಪಾಠ ಒಪ್ಪಿಸಿರಬೇಕು. ಇದೇ ಬೂಬಜ್ಜ ಎಷ್ಟು ಸಲ ಇವನನ್ನು ಮಾರ್ಕೆಟ್ಟಿನ ಎದುರಿನಿಂದ ಎತ್ತಿ, ಮೀನಿನ ಕೈಗಾಡಿಯಲ್ಲಿ ಮಲಗಿಸಿ, ಮೈತುಂಬ ಮಂಜುಗಡ್ಡೆಯ ನೀರಾಗಿಸಿ ಮನೆಗೆ ತಂದು ಹಾಕಿಲ್ಲ! ಗಾಡಿಯ ಹಿಂದೆ ಬೆಕ್ಕುಗಳು ಬರುತ್ತಿದ್ದವು. ಬೂಬಜ್ಜ ಒಳ್ಳೆಯವನು. ಎಲ್ಲರೂ ಒಳ್ಳೆಯವರು. ಆದರೆ ಒಂದು ತೊಟ್ಟೂ ಕುಡಿಯದವನು ಬಿಡುವುದೇನನ್ನು? ಹಲ್ಲು ಕಚ್ಚಿ ಕಳೆದ ಒಂಬತ್ತು ವರ್ಷಗಳನ್ನು ಅವರೆಲ್ಲ ಸೇರಿ, ಇವನ ಮೇಲಿನ ಪ್ರೀತಿಯಿಂದಲೇ, ಇಲ್ಲ ಮಾಡಿಬಿಟ್ಟಿದ್ದರು. ಅವನಿಗೆ ಬಹಳ ದುಃಖವಾಯಿತು.

"ಕುಡಿದದ್ದು ದೊಡ್ಡ ವಿಷಯ ಅಲ್ಲ," ಎಂದರು ಎಸ್ತರ್, ದನಿ ಇಳಿಸಿ. "ಬಿಟ್ಟು ಎಷ್ಟು ವರ್ಷ ಆಯಿತು, ಚಿಕಿತ್ಸೆ ಆಗಿದೆಯಾ, ಪುನಃ ಶುರು ಮಾಡಿದ್ದಾರಾ, ಇಷ್ಟು ನೋಡುವುದು. ಒಂಬತ್ತು ವರ್ಷ ಅಂದ್ರೆ ಒಳ್ಳೆಯದೇ. ಅಡಗಿಸಿದ್ರೆ ಮಾತ್ರ ಆಗುವುದಿಲ್ಲ. ಅಡಗಿಸಲಿಕ್ಕೆ ಇರುವವನನ್ನು ಯಾರು ಬೇಕಾದ್ರೂ ಹೆದರಿಸಬಹುದು ಅಲ್ವಾ? ನಿನ್ನ ಗುಟ್ಟು ಹೇಳ್ತೇನೆ, ಆ ಬಾಗಿಲು ತೆಗೆ ಅಂತ. ಇದು ನೌಕಾಪಡೆಯ ಜಾಗ. ನೀವು ಕುಡಿಯುತ್ತಿದ್ದದ್ದನ್ನೂ ಬಿಟ್ಟದ್ದನ್ನೂ ಕಣ್ಣಾರೆ ನೋಡಿದವರು ಒಬ್ಬರು ಬಾಯಿಬಿಟ್ಟು ಹೇಳಬೇಕು. ಮನೆಯವರೇ ಆಗಬಹುದು. ಇವತ್ತು ನನಗೆ ಕಾಪುವಿನಲ್ಲಿ ಬೇರೆ ಕೆಲಸ ಉಂಟು, ಮೂರು ಗಂಟೆಗೆ ನಿಮ್ಮ ಮನೆಗೂ ಬರ್ತೇನೆ. ನಿಮ್ಮ ಅಣ್ಣನಿಗೆ ಹೇಳಿಡಿ, ಸತ್ಯ ಹೇಳಲಿ. ಅವರು ಹೇಳಿದ್ರೆ ನಾನು ಇವತ್ತೇ ಬರೆದು ಮೇಲೆ ಕಳಿಸ್ತೇನೆ."

ಅವರು ಫೈಲು ಮುಚ್ಚುವಾಗ ಹಾಳೆ ಗಾಳಿಗೆ ಒಮ್ಮೆ ಎದ್ದು ಬಿತ್ತು. ಹದಿಮೂರರ ಕೆಳಗೆ ಹದಿನಾಲ್ಕು. ಕುಡಿತದ ಕಾರಣ ಕೆಲಸದ ಸ್ಥಳದಲ್ಲಿ ನಿಮ್ಮಿಂದ ಯಾರಿಗಾದರೂ ಪೆಟ್ಟಾಗಿದೆಯೇ? ಅದರ ಮುಂದೆ ಅವನದೇ ಗುಂಡು ಅಕ್ಷರದಲ್ಲಿ, ಇಲ್ಲ.

ಕಾಪುವಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕುತ್ತಿಗೆ ಹೊರಗೆ ತಿರುಗಿಸಿ ಕೂರಲು ಒಂದು ನೆಪ. ಹದಿಮೂರಕ್ಕೆ ಹೌದು ಎಂದು ಬರೆಯಲು ಅವನಿಗೆ ಎರಡು ದಿನ ಹಿಡಿದಿತ್ತು, ಬರೆದ ಮೇಲೆ ತನ್ನ ಧೈರ್ಯಕ್ಕೆ ತಾನೇ ಬೆರಗಾಗಿ ಅದೇ ಖುಷಿಯಲ್ಲಿ ಹದಿನಾಲ್ಕಕ್ಕೆ ಇಲ್ಲ ಎಂದು ಗೀಚಿದ್ದ, ಯೋಚಿಸಲೂ ಇಲ್ಲ. ಸುಳ್ಳೆಂದು ಅನಿಸಿದ್ದು ಆಮೇಲೆ, ಲಕೋಟೆ ಅಂಟಿಸಿದ ಮೇಲೆ. ಆದರೂ ಸುಳ್ಳು ಹೇಗಾಗುತ್ತದೆ? ಅಣ್ಣನೇ ಹೇಳಿದ್ದಲ್ಲವೇ? ಮಣಿಪಾಲದ ಆಸ್ಪತ್ರೆಯಲ್ಲಿ, ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಶೀನ, ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದ್ದು. ಗ್ಲೌಸು ಸಿಕ್ಕಿಕೊಂಡಿತು, ನನ್ನದೇ ತಪ್ಪು. ಬೋಟಿನ ಮಾಲೀಕರಿಗೆ, ಡಾಕ್ಟರಿಗೆ, ಅಮ್ಮನಿಗೆ. ಬಾಗಿಲ ಹತ್ತಿರ ನಿಂತಿದ್ದ ತಮ್ಮನ ಕಡೆ ನೋಡದೆ. ಬಸ್ಸು ಉದ್ಯಾವರದ ಸೇತುವೆ ಹತ್ತಿತು, ಕೆಳಗೆ ಹೊಳೆಯಲ್ಲಿ ಯಾರೋ ದೋಣಿಯ ಎಂಜಿನಿನ ಹಗ್ಗ ಎಳೆಯುತ್ತಿದ್ದರು, ಎಂಜಿನು ಹಿಡಿಯುತ್ತಿರಲಿಲ್ಲ. ಕಾರ್ಬುರೇಟರಿಗೆ ಕಸ ಸಿಕ್ಕಿದೆ ಎಂದು ಅವನ ಕಿವಿ ತನ್ನಷ್ಟಕ್ಕೆ ಹೇಳಿತು. ಒಂಬತ್ತು ವರ್ಷದ ಹಿಂದೆ, ಆ ದಿನ, ಬೋಟಿನ ಎಂಜಿನು ಚೆನ್ನಾಗಿಯೇ ಇತ್ತು. ಬೆಳಗಿನ ಹತ್ತರ ಬಿಸಿಲು, ಬಲೆ ಎಳೆಯುವ ಹೊತ್ತು. ಬಲೆ ಸೇದುವ ವಿಂಚು ಯಂತ್ರದ ಉರುಳೆಗೆ ಹಗ್ಗ ಸುತ್ತಿಕೊಳ್ಳುತ್ತಿತ್ತು, ಹಗ್ಗಕ್ಕೆ ದಾರಿ ತೋರಿಸುತ್ತ ನಿಂತವನು ಶೀನ, ವಿಂಚಿನ ಹಿಡಿಕೆಯ ಹತ್ತಿರ ಕೂತವನು ಜಿತೇಂದ್ರ. ಏನಾದರೂ ಆದರೆ ಹಿಡಿಕೆ ಎಳೆದು ನಿಲ್ಲಿಸುವುದೊಂದೇ ಅವನ ಕೆಲಸ. ಬೆಳಕು ಹರಿಯುವ ಮೊದಲೇ ಅರ್ಧ ಬಾಟಲಿ ಖಾಲಿಯಾಗಿತ್ತು, ಬಿಸಿಲು ಬೆನ್ನಿಗೆ ಹಿತವಾಗಿತ್ತು, ಕಣ್ಣು ಮುಚ್ಚಿತು. ಅಮ್ಮಾ ಎಂಬ ಒಂದು ಕೂಗು ಕೇಳಿ ಎದ್ದು ಹಿಡಿಕೆ ಎಳೆದ. ಕೂಗು ಒಂದೇ ಸಲ ಕೇಳಿದ್ದು, ಕೇಳಿದ ಕೂಡಲೇ ಎಳೆದದ್ದು. ಒಂಬತ್ತು ವರ್ಷ ಅವನು ಇದೊಂದನ್ನು ತನಗೆ ತಾನೇ ಹೇಳಿಕೊಂಡು ಬಂದಿದ್ದ. ಕೂಡಲೇ ಎಳೆದೆ. ಆದರೂ ನಾಲ್ಕು ಬೆರಳು ಹೋದವು.

ಶಿಬಿರ ನಡೆದ ಕಾರ್ಕಳದ ಮದುವೆ ಹಾಲ್‌ನಲ್ಲಿ, ಕೊನೆಯ ದಿನ, ಎಲ್ಲರಿಗೂ ಬಿಳಿ ಪಂಚೆ ಉಡಿಸಿ ಸಾಲಾಗಿ ವೇದಿಕೆ ಹತ್ತಿಸಿದ್ದರು. ಮನೆಯವರು ಎದುರು ಕೂತಿದ್ದರು. ಕುಡಿತದಿಂದ ನೀವು ಹಾಳು ಮಾಡಿದ್ದು ಏನೆಂದು ಮೈಕಿನಲ್ಲಿ ಹೇಳಬೇಕು. ಹೆಬ್ರಿಯವನೊಬ್ಬ ಹೆಂಡತಿಯ ಕಿವಿಯ ಓಲೆ ಎಂದು ಅತ್ತ. ಜಿತೇಂದ್ರ ಮೈಕು ಹಿಡಿದು, ಅಮ್ಮನ ಮನಸ್ಸು ನೋಯಿಸಿದೆ ಎಂದ. ಚಪ್ಪಾಳೆ ಬಿತ್ತು. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೂರನೆಯ ಸಾಲಿನಲ್ಲಿ ಶೀನ ಇದ್ದ, ಬಲಗೈ ಇನ್ನೂ ಬ್ಯಾಂಡೇಜಿನಲ್ಲಿ. ಎರಡು ಕೈ ಸೇರಿಸಿ ಚಪ್ಪಾಳೆ ತಟ್ಟಲು ಅವನಿಂದ ಆಗುತ್ತಿರಲಿಲ್ಲ, ಎಡಗೈಯಿಂದ ತನ್ನ ತೊಡೆಯ ಮೇಲೆ ಬಡಿಯುತ್ತಿದ್ದ. ಪಟ್, ಪಟ್, ಪಟ್. ಎಲ್ಲರೂ ನಿಲ್ಲಿಸಿದ ಮೇಲೂ ಬಡಿಯುತ್ತಿದ್ದ, ಮುಖ ಅರಳಿತ್ತು. ಬಸ್ಸಿನಲ್ಲಿ ಪಕ್ಕದವರು ಟಿಕೆಟು ಎಂದು ಮೊಣಕೈ ತಾಗಿಸಿದಾಗ ಜಿತೇಂದ್ರ ಕಿಟಕಿಗೆ ಮುಖ ಮಾಡಿಯೇ ಕಾಪು ಎಂದ.

ಮನೋರಮಾ ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದಳು. ಗಂಡನ ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ನಾನು ಹೇಳಿದ್ದು ತಪ್ಪಾಯ್ತಾ?" ಎಂದಳು. "ಮತ್ತೆಂತ ಹೇಳುದು ಹೇಳಿ. ಯೂನಿಫಾರಂ ಹಾಕಿದವರು ಬಂದು ನಿಮ್ಮ ಗಂಡ ಕುಡೀತಾರಾ ಅಂತ ಕೇಳಿದ್ರೆ, ಹೌದು, ಮೊದಲು ಕುಡಿದು ಕುಡಿದು ಚರಂಡಿಯಲ್ಲಿ ಬೀಳ್ತಿದ್ರು ಅನ್ಲಿಕ್ಕೆ ಬಾಯಿ ಬರ್ತದಾ?"

"ನಿನ್ನದು ತಪ್ಪಿಲ್ಲ. ಸರ್ಟಿಫಿಕೇಟು ತೆಗೆ."

ಶಿಬಿರದ ಸರ್ಟಿಫಿಕೇಟು ಕಪಾಟಿನ ಅಡಿಯಲ್ಲಿ, ಅವಳ ಮದುವೆಯ ಸೀರೆಯ ಮಡಿಕೆಯೊಳಗೆ ಇತ್ತು. ಮಗಳಿಗೆ ಕಾಣಬಾರದೆಂದು ಅವಳೇ ಅಲ್ಲಿ ಇಟ್ಟಿದ್ದಳು. ನುಸಿಗುಳಿಗೆಯ ವಾಸನೆ ಹಿಡಿದ ಅದನ್ನು ಅವನು ಅಂಗಿಯಿಂದ ಒರೆಸಿ ಮೇಜಿನ ಮೇಲಿಟ್ಟ. ಆಮೇಲೆ ಬೇಲಿಯಾಚೆ ಅಣ್ಣನ ಮನೆಗೆ ಹೋದ. ಪೇಟೆಯ ಬಲೆ-ಹಗ್ಗದ ಅಂಗಡಿಯಲ್ಲಿ ಕೂರುವ ಶೀನ ಊಟಕ್ಕೆಂದು ಬಂದಿದ್ದ, ಎಡಗೈಯಿಂದ ಗಂಜಿ ಉಣ್ಣುತ್ತಿದ್ದ. ಬಲಗೈ ಎಂದಿನಂತೆ ಹೆಗಲಿನ ಬೈರಾಸು ಟವಲಿನ ಮರೆಯಲ್ಲಿತ್ತು. ಜಿತೇಂದ್ರ ಬಾಗಿಲ ಚೌಕಟ್ಟಿಗೆ ಮುಖ ಮಾಡಿ ಎಲ್ಲವನ್ನೂ ಹೇಳಿದ.

"ಸಾವು ಮಾರಾಯ!" ಎಂದ ಶೀನ. "ಹಾಗೂ ಉಂಟಾ? ಕುಡೀತಿದ್ದ ಅಂತ ಹೇಳಿದ್ರೇ ಕೆಲಸ ಸಿಗುದಾ? ಮೊದಲೇ ಹೇಳಬೇಕಿತ್ತಲ್ಲ ನೀನು."

"ಹೌದಣ್ಣ. ಸತ್ಯ ಹೇಳಿದ್ರೆ ಸಾಕು ಅಂದ್ರು."

"ಹೇಳುವ. ಎಲ್ಲ ಹೇಳುವ."

ಎಲ್ಲ ಬೇಡ ಅಣ್ಣ. ಬೋಟಿನ ವಿಷಯ ಬೇಡ. ಇಷ್ಟೇ ಹೇಳಬೇಕಿತ್ತು. ಬಸ್ಸಿಳಿದು ಮನೆಯವರೆಗೆ ಆ ಮಾತನ್ನು ಅವನು ಹತ್ತು ಸಲ ಹೊಂದಿಸಿಕೊಂಡು ಬಂದಿದ್ದ. ಆದರೆ ಬೋಟಿನ ವಿಷಯ ಬೇಡ ಎನ್ನಬೇಕಾದರೆ ಬೋಟಿನ ವಿಷಯ ಎನ್ನಬೇಕು. ಒಂಬತ್ತು ವರ್ಷದಲ್ಲಿ ಆ ಪದ ಇಬ್ಬರ ನಡುವೆ ಒಮ್ಮೆಯೂ ಬಂದಿರಲಿಲ್ಲ. ಶೀನ ದಿನಾ ಸಂಜೆ ಬಂದು ಇವನ ಜಗಲಿಯಲ್ಲಿ, ಜಾಗ ಎಷ್ಟೇ ಇದ್ದರೂ ಮೈಗೆ ಮೈ ತಾಗುವಷ್ಟು ಹತ್ತಿರ ಕೂತು, ಮೀನಿನ ದರ, ಮಳೆ, ಮಕ್ಕಳ ಮಾರ್ಕು ಎಂದು ಮಾತಾಡಿ ಎದ್ದು ಹೋಗುತ್ತಿದ್ದ. ಅಣ್ಣ ಕ್ಷಮಿಸಿದ್ದಾನೆಂದು ಜಿತೇಂದ್ರ ನಂಬಿದ್ದು ಆ ಹತ್ತಿರ ಕೂರುವುದರಿಂದ. ಈಗ ಬಾಯಿ ತೆರೆದು, ನಿನ್ನ ಕೈಯ ಸುದ್ದಿ ಎತ್ತಬೇಡ, ನನಗೆ ತೊಂದರೆಯಾಗುತ್ತದೆ ಎಂದರೆ? ಥೂ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಣ್ಣನ ಎಡಗೈ ಉಪ್ಪಿನಕಾಯಿಯ ಮಾವಿನ ತುಂಡನ್ನು ಬಟ್ಟಲಿನ ಅಂಚಿಗೆ ಒತ್ತಿ ಹಿಡಿಯಲು ನೋಡುತ್ತಿತ್ತು, ಅದು ಜಾರುತ್ತಿತ್ತು.

"ಎಂತಾ? ಇನ್ನೂ ಎಂತಾದ್ರೂ ಉಂಟಾ ಹೇಳಲಿಕ್ಕೆ?"

"ಇಲ್ಲ ಅಣ್ಣ," ಎಂದ ಜಿತೇಂದ್ರ. "ಮೂರು ಗಂಟೆಗೆ ಬಾ."

ಮೂರಕ್ಕೆ ಸರಿಯಾಗಿ ಎಸ್ತರ್ ಬಂದರು. ಶೀನ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ಅವರಿಗಿಂತ ಮೊದಲೇ ಬಂದು ಕೂತಿದ್ದ. ಸರ್ಟಿಫಿಕೇಟು ನೋಡಿ, ನಂಬರು ಬರೆದುಕೊಂಡು, ಎಸ್ತರ್ ಪೆನ್ನು ಹಿಡಿದು ಅವನ ಕಡೆ ತಿರುಗಿದರು.

"ಮೊನ್ನೆ ನಾನು ಹೇಳಿದ್ದು ಸುಳ್ಳು ಮೇಡಂ, ಕ್ಷಮಿಸಬೇಕು," ಎಂದು ಶುರು ಮಾಡಿದ ಶೀನ. ಪಾಠ ಒಪ್ಪಿಸುವ ದನಿ ಇರಲಿಲ್ಲ. "ಕುಡೀತಿದ್ದ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಬೇಕಿತ್ತು ಅವನಿಗೆ. ಬಿಟ್ಟದ್ದು ಹೇಗೆ ಗೊತ್ತು ಅಂತ ಕೇಳ್ತೀರಿ ಅಲ್ವಾ? ಇದರಿಂದ."

ಅವನು ಬೈರಾಸು ತೆಗೆದು ಬಲಗೈಯನ್ನು ಮೇಜಿನ ಮೇಲೆ, ಸರ್ಟಿಫಿಕೇಟಿನ ಪಕ್ಕದಲ್ಲಿ ಇಟ್ಟ. ಹೆಬ್ಬೆರಳೊಂದು, ಆಮೇಲೆ ನುಣುಪಾದ ನಾಲ್ಕು ಗಂಟು. ಚಹಾ ತಂದ ಮನೋರಮಾ ಅಲ್ಲೇ ನಿಂತಳು.

"ವಿಂಚಿನ ಹತ್ತಿರ ಅವನು, ಹಗ್ಗದ ಹತ್ತಿರ ನಾನು. ಅವನು ಕುಡಿದು ನಿದ್ದೆ ಮಾಡಿದ್ದ. ಗ್ಲೌಸು ಹಗ್ಗಕ್ಕೆ ಸಿಕ್ಕಿತು. ಮೂರು ಸಲ ಕರೆದೆ ಮೇಡಂ. ಮೊದಲು ಜಿತ್ತೂ ಅಂತ ಜೋರಾಗಿಯೇ ಕರೆದೆ. ಗ್ಲೌಸು ಮಾತ್ರ ಒಳಗೆ ಹೋಗ್ತಿತ್ತು ಆಗ, ಬೆರಳು ಹೋಗಿರಲಿಲ್ಲ. ಎರಡನೇ ಸಲವೂ ಜಿತ್ತೂ ಅಂದೆ. ಮೂರನೇ ಸಲ ಹೆಸರು ಬರಲಿಲ್ಲ ಬಾಯಿಗೆ, ಅಮ್ಮಾ ಅಂತ ಬಂತು. ಅದಕ್ಕೆ ಎದ್ದ, ಪಾಪ."

ಜಿತೇಂದ್ರನ ಕಿವಿಯೊಳಗೆ ಒಂದೇ ಆಗಿದ್ದ ಕೂಗು ಮೂರಾಯಿತು. ಎಂಜಿನಿನ ಎಂಥ ಸಣ್ಣ ಸದ್ದನ್ನೂ ಹಿಡಿಯುವ ಕಿವಿ, ತನ್ನ ಹೆಸರನ್ನು ಎರಡು ಸಲ ಬಿಟ್ಟುಬಿಟ್ಟಿತ್ತು. ಎರಡು ಸಲ. ಬೆರಳು ಇನ್ನೂ ಹೊರಗಿದ್ದಾಗ.

"ಇದನ್ನು ಇವನಿಗೆ ಇವತ್ತಿನವರೆಗೆ ಹೇಳಲಿಲ್ಲ," ಎನ್ನುತ್ತಿದ್ದ ಶೀನ. "ಹೇಳಿದ್ರೆ ಪುನಃ ಕುಡೀತಾನೆ ಅಂತ ಹೆದರಿಕೆ. ಹಾಗಾಗಿ ನನ್ನದೇ ತಪ್ಪು ಅಂದುಬಿಟ್ಟೆ. ಆದ್ರೆ ಬಿಟ್ಟದ್ದು ಬಿಟ್ಟದ್ದೇ ಮೇಡಂ. ದಿನಾ ಸಂಜೆ ಹತ್ತಿರ ಹೋಗಿ ಕೂತು ಮೂಸಿ ನೋಡಿ ಬರ್ತೇನಲ್ಲ, ಒಂಬತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಲಿಲ್ಲ. ಒಂದು ದಿನ ಸಹ ವಾಸನೆ ಬರಲಿಲ್ಲ. ಬರೆದುಕೊಳ್ಳಿ, ಎಲ್ಲಿ ಬೇಕಾದ್ರೂ ರುಜು ಹಾಕ್ತೇನೆ."

ಎಸ್ತರ್ ಬರೆದುಕೊಂಡರು. ಶೀನ ಪೆನ್ನನ್ನು ಎಡಗೈಯಲ್ಲಿ ಹಿಡಿದು, ನಾಲಿಗೆಯ ತುದಿ ಕಚ್ಚಿ, ಬಹಳ ಹೊತ್ತು ತೆಗೆದುಕೊಂಡು ರುಜು ಹಾಕಿದ. ಅಕ್ಷರಗಳು ಒಂದೊಂದು ಒಂದು ಕಡೆ ವಾಲಿದ್ದವು. ಎಸ್ತರ್ ಫೈಲಿನ ಹಿಂದಿನ ಹಾಳೆಗೆ ಹೋಗಿ, ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿ, ಕನ್ನಡಕ ತೆಗೆದರು. ಚಹಾ ಮುಟ್ಟಲಿಲ್ಲ. ಬರ್ತೇನೆ ಎಂದು ಎದ್ದರು. ಜಿತೇಂದ್ರ ಗೇಟಿನವರೆಗೆ ಹಿಂದೆ ಹೋದ.

ಸ್ಕೂಟರಿನ ಸೀಟಿನ ಮೇಲೆ ಫೈಲು ತೆರೆದು ಅವರು ಹದಿನಾಲ್ಕನೇ ಕಲಮು ತೋರಿಸಿದರು. "ಇದು ನಿಮ್ಮ ಅಕ್ಷರವಾ?"

"ನನ್ನದೇ ಮೇಡಂ."

"ಇಲ್ಲಿ ಹೌದು ಅಂತ ಬರೆದಿದ್ರೆ ನಾನು ಇವತ್ತು ಒಳ್ಳೆಯದೇ ಬರೆಯುತ್ತಿದ್ದೆ. ಎಂತಕ್ಕೆ ಹೀಗೆ ಮಾಡಿದ್ರಿ?"

"ತಿದ್ದಬಹುದಾ?"

"ಈಗ ತಿದ್ದಿದ್ರೆ ಸಿಕ್ಕಿಬಿದ್ದ ಮೇಲೆ ತಿದ್ದಿದ್ದು ಆಗ್ತದೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸ್ತೇನೆ, ಅದು ನನ್ನ ಕೆಲಸ. ಇದು ಆಗುವುದಿಲ್ಲ ಜಿತೇಂದ್ರ ಅವರೇ. ಆಸೆ ಇಟ್ಟುಕೊಳ್ಳಬೇಡಿ." ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಅಣ್ಣನಿಗೆ ಹೇಳಬೇಡಿ ಮೇಡಂ. ಅವನ ಮಾತಿನಿಂದ ಹೋಯಿತು ಅಂತ."

"ಅವರ ಮಾತಿನಿಂದ ಹೋದದ್ದಲ್ಲ ಅದು," ಎಂದು ಎಸ್ತರ್ ಸ್ಕೂಟರು ಚಾಲೂ ಮಾಡಿದರು. ಅವರು ತಿರುವು ದಾಟುವವರೆಗೂ ಅವನು ಎಂಜಿನಿನ ಸದ್ದು ಕೇಳುತ್ತ ನಿಂತಿದ್ದ. ಪ್ಲಗ್ಗು ಬದಲಾಯಿಸಬೇಕಿತ್ತು. ಆಚೆ ಮನೆಯ ಜಗಲಿಯಿಂದ ಬೂಬಜ್ಜ, "ಒಳ್ಳೆಯದೇ ಹೇಳಿದ್ದೇವೆ ಮಾರಾಯ, ಹೆದರಬೇಡ," ಎಂದು ಕೂಗಿದ. ಜಿತೇಂದ್ರ ಅವನಿಗೆ ಕೈ ಎತ್ತಿದ.

ಶೀನ ಜಗಲಿಗೆ ಬಂದು ಕೂತಿದ್ದ. ಬಲಗೈ ಬೈರಾಸಿನ ಹೊರಗೇ ಇತ್ತು, ತೊಡೆಯ ಮೇಲೆ, ಬಿಸಿಲಿಗೆ. ಎಷ್ಟೋ ವರ್ಷಗಳ ಮೇಲೆ ಅದಕ್ಕೆ ಬಿಸಿಲು ತಾಗುತ್ತಿರಬೇಕು. ತಮ್ಮನನ್ನು ಕಂಡು ಅವನು ಸರಿದು ಜಾಗ ಮಾಡಿದ.

"ಸರಿಯಾಯ್ತಲ್ವಾ ಜಿತ್ತು? ನಾನು ಹೇಳಿದ್ದು ಸರಿಯಾಯ್ತಲ್ವಾ? ಸ್ವಲ್ಪ ಜಾಸ್ತಿ ಹೇಳಿದೆನಾ ಎಂತದೋ."

ಜಿತೇಂದ್ರನಿಗೆ ಅಣ್ಣನ ಕಾಲು ಹಿಡಿದು ಅಳಬೇಕೆನಿಸಿತು. ಆ ಕೈಯನ್ನು ಎತ್ತಿ ಮುಖಕ್ಕೆ ಒತ್ತಿಕೊಳ್ಳಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಮಾಡಿದರೆ ಶೀನನಿಗೆ ಎಲ್ಲ ತಿಳಿದುಹೋಗುತ್ತಿತ್ತು. ಅವನು ಅಣ್ಣನ ಮೈಗೆ ತಾಗಿ ಕೂತ. ಕುತ್ತಿಗೆ ಅಭ್ಯಾಸದಂತೆ ಎಡಕ್ಕೆ ಹೊರಳಲು ಹೊರಟಿತು, ಹಿಡಿದು ನಿಲ್ಲಿಸಿದ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅಣ್ಣನ ಮುಖಕ್ಕೆ ನೇರ ಮುಖ ಕೊಟ್ಟು, ಉಸಿರು ಅವನ ಮೂಗಿಗೆ ತಾಗುವಷ್ಟು ಹತ್ತಿರದಿಂದ ಹೇಳಿದ.

"ಸರಿಯಾಯ್ತು ಅಣ್ಣ. ಕೆಲಸ ಸಿಗ್ತದೆ. ಮೇಡಂ ಹೇಳಿ ಹೋದ್ರು."

ಶೀನನ ಮೂಗು ಸಣ್ಣಗೆ ಅರಳಿತು. ಯಾವ ವಾಸನೆಯೂ ಬರಲಿಲ್ಲ. ಅವನು ಎಡಗೈ ಎತ್ತಿ ತೊಡೆಯ ಮೇಲೆ ಬಡಿಯತೊಡಗಿದ. ಪಟ್, ಪಟ್, ಪಟ್.